ಪಟ್ಟಿಯಲ್ಲಿಲ್ಲದ ಪ್ರಶ್ನೆ: ಒಂದು ಕ್ರೀಡಾ ಸಂದರ್ಶನದ ಪೀಠಿಕೆಯ ಪ್ರಕರಣ

ಹಿನ್ನೆಲೆ

ಕರ್ನಾಟಕ ಕೇರಳಗಳ ಗಡಿಯಾದ ತಲಪಾಡಿಯ ಆಚೆಗೂ ಈಚೆಗೂ ಓದುಗರಿರುವ ಕನ್ನಡ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಸಂದರ್ಶನವೊಂದರ ಕಥೆಯಿದು. ಪ್ರಶ್ನೋತ್ತರಗಳೆಲ್ಲ ಬರೆದು ಮುಗಿದಿದ್ದರೂ ಅವುಗಳ ಮೇಲೆ ಬರಬೇಕಾದ ಐದಾರು ಸಾಲಿನ ಪೀಠಿಕೆ ಮಾತ್ರ ಹುಟ್ಟದೆ, ಲೇಖನ ಒಂದು ವಾರದ ಪುರವಣಿಯನ್ನು ತಪ್ಪಿಸಿಕೊಂಡಿತು. ವರದಿಗಾರಿಕೆ ಕಲಿಯುವ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನಗೆ ಇದರ ಎಲ್ಲ ಕರಡುಗಳೂ ಧ್ವನಿಮುದ್ರಿಕೆಯ ಬರಹರೂಪವೂ ಬರೆದವರ ಒಪ್ಪಿಗೆಯೊಂದಿಗೆ ಓದಲು ಸಿಕ್ಕವು. ಯಾರದೂ ಗುರುತು ಹತ್ತಬಾರದೆಂದು ಊರು, ಕೂಟ, ವರ್ಷ, ಸಮಯದ ಅಂಕಿಗಳನ್ನು ಬಿಟ್ಟಿದ್ದೇನೆ. ಪದಕದ ಬಣ್ಣವನ್ನೂ ಬದಲಿಸಿದ್ದೇನೆ.

ಸಂದರ್ಶನ ಮಾಡಿದವರು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತ, ಬಿಡುವಿನ ವೇಳೆಯಲ್ಲಿ ಪತ್ರಿಕೆಗೆ ಬರೆಯುವ ಯುವ ಅಧ್ಯಾಪಿಕೆ. ಪುರವಣಿಯ ಹೊಣೆ ಹೊತ್ತವರು ನಿವೃತ್ತ ಮುಖ್ಯೋಪಾಧ್ಯಾಯರು. ಇಬ್ಬರೂ ಪರಸ್ಪರ ‘ಟೀಚರ್’, ‘ಮಾಸ್ಟ್ರೆ’ ಎಂದೇ ಕರೆದುಕೊಳ್ಳುವುದರಿಂದ ಇಲ್ಲಿಯೂ ಆ ಹೆಸರುಗಳೇ ಇರಲಿ. ಸಂದರ್ಶನ ಕೊಟ್ಟವಳು ಅದೇ ತಾಲೂಕಿನ ಒಳನಾಡಿನಿಂದ ಮಂಗಳೂರಿನ ಕಾಲೇಜಿಗೆ ಹೋಗಿ ಪದವಿ ಓದುತ್ತಿರುವ, 10,000 ಮೀಟರ್ ನಡಿಗೆ ಸ್ಪರ್ಧೆಯಲ್ಲಿ ರಾಜ್ಯಮಟ್ಟದ ಬೆಳ್ಳಿ ಪದಕ ಗೆದ್ದ ಹುಡುಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೂಟಗಳಲ್ಲಿ ಅಧಿಕಾರಿಗಳೊಡನೆ ಮಲಯಾಳ ಆಡುವ ಇಲ್ಲಿನ ಎಲ್ಲ ಮಕ್ಕಳಂತೆ ಅವಳ ಮಾತೂ ಮೂರು ಭಾಷೆಗಳ ನಡುವೆ ಓಡಾಡಿಕೊಂಡಿತ್ತು.

ನಡಿಗೆ ಸ್ಪರ್ಧೆಯನ್ನು ನಮ್ಮಲ್ಲಿ ಕಣ್ಣಾರೆ ಕಂಡವರು ಕಡಿಮೆ. ಕಂಡವರಲ್ಲಿಯೂ ಸೊಂಟ ತಿರುಗಿಸಿ ನಡೆಯುವ ಆ ರೀತಿಗೆ ನಕ್ಕವರೇ ಹೆಚ್ಚು. ಕೇರಳದ ಕ್ರೀಡಾಪುಟಗಳನ್ನು ಓದುವವರಿಗೆ ಮಲಪ್ಪುರಂ ಜಿಲ್ಲೆಯ ಕೆ.ಟಿ. ಇರ್ಫಾನ್ 2012ರ ಲಂಡನ್ ಒಲಿಂಪಿಕ್ಸಿನ 20 ಕಿ.ಮೀ. ನಡಿಗೆಯಲ್ಲಿ 1 ಗಂಟೆ 20 ನಿಮಿಷ 21 ಸೆಕೆಂಡಿನಲ್ಲಿ ಗುರಿ ಮುಟ್ಟಿ ಹತ್ತನೆಯವರಾದದ್ದು ನೆನಪಿರಬಹುದು. ಇನ್ನು ಕೆಲವರಿಗೆ ಪ್ರಿಯಾಂಕಾ ಗೋಸ್ವಾಮಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಇದೇ 10,000 ಮೀಟರಿನಲ್ಲಿ ಬೆಳ್ಳಿ ಗೆದ್ದದ್ದು ನೆನಪಿರಬಹುದು. ಅದರಾಚೆಗೆ, ಈ ಆಟದ ನಿಯಮವೇನು, ಗೆಲುವು ಸೋಲು ಹೇಗೆ ನಿರ್ಧಾರವಾಗುತ್ತದೆ ಎಂಬುದು ಪುರವಣಿಯ ಬಹುಪಾಲು ಓದುಗರಿಗೆ ಹೊಸದು. ಟೀಚರಿಗೂ ಅದು ಹೊಸದೇ ಆಗಿತ್ತು ಎಂಬುದು ಮುಂದೆ ಉಪಯೋಗಕ್ಕೆ ಬಂತು.

ತೊಡಕು

ಸಂದರ್ಶನ ಚೆನ್ನಾಗಿಯೇ ನಡೆದಿತ್ತು. ರಜೆಯಲ್ಲಿ ಊರಿಗೆ ಬಂದಿದ್ದ ಹುಡುಗಿ ಮನೆಯ ಜಗಲಿಯಲ್ಲಿ ಕುಳಿತು ಸಂಕೋಚವಿಲ್ಲದೆ ಮಾತಾಡಿದ್ದಳು. ಟೀಚರ್ ಮೊದಲೇ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳು ಅಂಥ ಸಂದರ್ಶನಗಳಲ್ಲಿ ಸಾಮಾನ್ಯವಾಗಿ ಇರುವಂಥವೇ: ಈ ಕ್ಷೇತ್ರಕ್ಕೆ ಹೇಗೆ ಬಂದಿರಿ, ಪ್ರೇರಣೆ ಯಾರು, ಮನೆಯವರ ಪ್ರೋತ್ಸಾಹ ಹೇಗಿದೆ, ಮುಂದಿನ ಗುರಿ ಏನು. ಉತ್ತರಗಳು ಮಾತ್ರ ಸಾಮಾನ್ಯವಾಗಿರಲಿಲ್ಲ. ಮೊದಲ ಪ್ರಶ್ನೆಗೇ ಅವಳು, ಉಪಜಿಲ್ಲಾ ಕೂಟಕ್ಕೆ ಹೆಸರು ಕೊಡುವಾಗ ಓಟಗಳಲ್ಲಿ ಶಾಲೆಯ ಜಾಗಗಳೆಲ್ಲ ತುಂಬಿಹೋಗಿದ್ದರಿಂದ, ಖಾಲಿ ಉಳಿದಿದ್ದ ನಡಿಗೆಗೆ ಪಿ.ಟಿ. ಮಾಸ್ಟ್ರು ತನ್ನ ಹೆಸರು ಬರೆದರೆಂದೂ, ಅಂದು ಮೈದಾನದಲ್ಲಿ ಸಹಪಾಠಿಗಳೆಲ್ಲ ನಕ್ಕರೆಂದೂ, ಆದರೆ ಕೊನೆಗೆ ಜಿಲ್ಲೆಗೆ ಹೋದವಳು ತಾನೊಬ್ಬಳೇ ಎಂದೂ ಹೇಳಿದ್ದಳು. ಇಷ್ಟು ಒಳ್ಳೆಯ ಸರಕು ಕೈಯಲ್ಲಿದ್ದಾಗ ಐದು ಸಾಲಿನ ಪೀಠಿಕೆ ಯಾಕೆ ಬರಲಿಲ್ಲ ಎಂಬುದೇ ಈ ಪ್ರಕರಣದಲ್ಲಿ ನೋಡಬೇಕಾದ ವಿಷಯ.

ಟೀಚರ್ ತನ್ನ ಕಷ್ಟವನ್ನು ಮಾಸ್ಟ್ರ ಬಳಿ ಹೇಳಿಕೊಂಡದ್ದು ಹೀಗೆ: “ಉತ್ತರಗಳೆಲ್ಲ ಅವಳ ಮಾತಿನಲ್ಲಿವೆ ಮಾಸ್ಟ್ರೆ. ಪೀಠಿಕೆ ಮಾತ್ರ ನಾನು ಬರೆಯಬೇಕು. ಬರೆದರೆ ಭಾಷಣದ ಹಾಗೆ ಆಗುತ್ತದೆ.” ಈ ಮಾತಿನಲ್ಲಿ ಅರ್ಧ ರೋಗನಿದಾನ ಇದೆ. ಪ್ರಶ್ನೋತ್ತರದ ರೂಪದಲ್ಲಿ ಪೀಠಿಕೆಯೊಂದೇ ಬರೆಯುವವರ ಸ್ವಂತ ದನಿ ಕೇಳಿಸುವ ಜಾಗವಾದ್ದರಿಂದ, ಕ್ರೀಡಾಪಟುವಿನ ಬಗ್ಗೆ ತನಗಿರುವ ಮೆಚ್ಚುಗೆ, ಊರಿನ ಅಭಿಮಾನ, ತಾನು ಮಾಡಿದ ಓದು ಎಲ್ಲವನ್ನೂ ಅಷ್ಟರಲ್ಲಿಯೇ ತುಂಬಬೇಕೆಂಬ ಒತ್ತಡ ಬೀಳುತ್ತದೆ. ವ್ಯಕ್ತಿಚಿತ್ರದಲ್ಲಾದರೆ ಇವೆಲ್ಲ ಲೇಖನದ ಉದ್ದಕ್ಕೂ ಹಂಚಿಹೋಗುತ್ತವೆ.

ಬರೆದು ಬಿಟ್ಟ ಕರಡುಗಳು

ಮೊದಲ ಕರಡು ಗಡಿಯಿಂದ ಆರಂಭವಾಗಿತ್ತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದು, ಅದು ಜಾರಿಯಾಗದೆ ಉಳಿದದ್ದು, ಇಂಥ ನೆಲದಲ್ಲಿಯೂ ಪ್ರತಿಭೆಗಳಿಗೆ ಕೊರತೆಯಿಲ್ಲ ಎನ್ನುವುದು ಆ ಪ್ಯಾರಾದ ಸಾರಾಂಶ. ಇದರಲ್ಲಿ ತಪ್ಪು ಮಾಹಿತಿ ಒಂದೂ ಇರಲಿಲ್ಲ. ಆದರೆ ಇಡೀ ಸಂದರ್ಶನದಲ್ಲಿ ಹುಡುಗಿ ಗಡಿಯ ಮಾತನ್ನು ಎತ್ತಿದ್ದು ಒಂದೇ ಕಡೆ, ಅದೂ ಶಾಲಾ ಕೂಟಗಳಲ್ಲಿ ಕೇರಳದ ಮಕ್ಕಳೊಡನೆ, ಈಗ ಕಾಲೇಜಿನ ಕೂಟಗಳಲ್ಲಿ ಕರ್ನಾಟಕದವರೊಡನೆ ಸ್ಪರ್ಧಿಸುವುದರಿಂದ ಎರಡು ಕಡೆಯ ನಡಿಗೆಯ ಶೈಲಿ ನೋಡಲು ಸಿಗುತ್ತದೆ ಎಂಬ ಲಾಭದ ಮಾತಾಗಿ. ಪೀಠಿಕೆ ನೋವಿನ ಇತಿಹಾಸ ಹೇಳಿ ಮುಗಿಸಿದ ಮೇಲೆ ಅವಳ ಉತ್ತರ ಅನುಕೂಲ ಹೇಳುತ್ತ ಬಂದರೆ, ಓದುಗ ಇಬ್ಬರಲ್ಲಿ ಯಾರನ್ನು ನಂಬಬೇಕು? ಗಡಿನಾಡಿನಿಂದ ಬಂದ ಯಾರ ಬಗ್ಗೆ ಬರೆಯುವಾಗಲೂ ಈ ಪ್ಯಾರಾ ತನ್ನಷ್ಟಕ್ಕೆ ಬಂದು ಕುಳಿತುಕೊಳ್ಳುತ್ತದೆ ಎಂಬುದೇ ಅದನ್ನು ಅನುಮಾನದಿಂದ ನೋಡಲು ಸಾಕಷ್ಟು ಕಾರಣ ಎಂದು ನನಗನ್ನಿಸುತ್ತದೆ. ಕವಿ, ಕಬಡ್ಡಿ ಆಟಗಾರ, ಜೇನು ಕೃಷಿಕ ಯಾರಿಗಾದರೂ ಹೆಸರು ಬದಲಿಸಿ ಹಚ್ಚಬಹುದಾದ ಪೀಠಿಕೆ ಅದು.

ಎರಡನೆಯದು ಇನ್ನೂ ಬೇಗ ಬಿದ್ದುಹೋಯಿತು. ಇದೇ ಜಿಲ್ಲೆಯ ಕುಂಬಳೆಯ ಹೆಸರನ್ನು ಹೊತ್ತ ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು, ಕಾಸರಗೋಡಿನ ತಳಂಗರೆಯ, ಕೇರಳ ತಂಡದ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ಮುಂಬೈ ವಿರುದ್ಧ 54 ಎಸೆತಗಳಲ್ಲಿ ಅಜೇಯ 137 ಹೊಡೆದದ್ದು, ಆ ಸಾಲಿನಲ್ಲಿ ಈಗ ಈ ಹುಡುಗಿ ಎಂದು ಜೋಡಿಸಲು ಹೊರಟ ಕರಡು ಅದು. ಕ್ರಿಕೆಟಿನ ಇಬ್ಬರು ದೊಡ್ಡವರ ನಂತರ ರಾಜ್ಯಮಟ್ಟದ ಒಂದು ಬೆಳ್ಳಿಯನ್ನು ಇಟ್ಟರೆ ಚಿಕ್ಕದಾಗಿ ಕಾಣುವುದು ಅವಳ ಬೆಳ್ಳಿಯೇ ಎಂದು ಟೀಚರ್ ತಾವೇ ಕಂಡುಕೊಂಡು ಹೊಡೆದುಹಾಕಿದರು.

ಪದಕಗಳ ಪಟ್ಟಿಯಿಂದ ಮಾಡಿದ ಕರಡೂ ಒಂದಿತ್ತು. ಅದರಲ್ಲಿ ‘ಜಿಲ್ಲೆಯಿಂದ ಈ ಸ್ಪರ್ಧೆಯಲ್ಲಿ ಪದಕ ಗೆದ್ದ ಮೊದಲ ಯುವತಿ’ ಎಂಬ ವಾಕ್ಯ ಸೇರಿಕೊಂಡಿತ್ತು. ಎಲ್ಲಿಂದ ಬಂತು ಎಂದು ಮಾಸ್ಟ್ರು ಕೇಳಿದಾಗ ಧ್ವನಿಮುದ್ರಿಕೆಯಲ್ಲಿ ಹಾಗೆ ಯಾರೂ ಹೇಳಿರಲಿಲ್ಲ. ಪೀಠಿಕೆಗೆ ತೂಕ ಸಾಲದೆಂಬ ಭಯವೇ ಅದನ್ನು ಬರೆಸಿತ್ತು. ಪತ್ರಿಕೆಗಳಲ್ಲಿ ಕಾಣುವ ಪರಿಶೀಲಿಸದ ‘ಮೊದಲ’, ‘ಏಕೈಕ’, ‘ಅತಿ ಕಿರಿಯ’ಗಳ ಬಹುಪಾಲು ಪೀಠಿಕೆಗಳಲ್ಲಿಯೇ ಹುಟ್ಟುವುದನ್ನು ನಾನು ವಿದ್ಯಾರ್ಥಿಗಳ ಬರಹಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಹೇಳಬೇಕಾದ್ದು ಸ್ಪಷ್ಟವಾಗಿದ್ದರೆ ಅವುಗಳ ಅಗತ್ಯ ಬೀಳುವುದಿಲ್ಲ.

ನಿಂತು ನೋಡಬೇಕಾದ ಕರಡು ಎಂದರೆ ತಾಯಿಯ ಬೀಡಿಯ ಸೂಪಿನಿಂದ, ಅಂದರೆ ಬೀಡಿ ಕಟ್ಟುವ ಮೊರದಿಂದ, ಆರಂಭವಾದದ್ದು. ಅಡಿಕೆ ತೋಟದ ಕೂಲಿಯ ತಂದೆ, ಬೀಡಿ ಕಟ್ಟುವ ತಾಯಿ, ಕೆಂಪುಕಲ್ಲಿನ ಗುಡ್ಡೆಯ ಮೇಲಿನ ಮನೆ, ಬಸ್ಸಿಗಾಗಿ ಹುಡುಗಿ ದಿನವೂ ಇಳಿದು ಹತ್ತುವ ದಾರಿ. ಬರಹ ಚೆನ್ನಾಗಿತ್ತು, ಕರಡುಗಳಲ್ಲೆಲ್ಲ ಅದೇ ಚೆನ್ನಾಗಿತ್ತು ಎಂದರೂ ತಪ್ಪಲ್ಲ. ಮಾಸ್ಟ್ರೂ ಒಪ್ಪಿದ್ದರು. ಪ್ರಕಟಣೆಗೆ ಮೊದಲು ಮನೆಯ ವಿವರಗಳು ಸರಿಯಿವೆಯೇ ಎಂದು ಖಚಿತಪಡಿಸಿಕೊಳ್ಳಲು ಟೀಚರ್ ಅದನ್ನು ಹುಡುಗಿಗೆ ಫೋನಿನಲ್ಲಿ ಓದಿ ಹೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕ, ಅದೆಲ್ಲ ನಿಜವೇ. ಆದರೆ ಕ್ಲಾಸಿನಲ್ಲಿ ಎಲ್ಲರೂ ಓದುತ್ತಾರೆ. ಮೊದಲಿಗೇ ಅದು ಬೇಕಾ?” ಎಂದಳು.

ಇಲ್ಲಿ ಎರಡು ದಾರಿಗಳಿದ್ದವು. ಪತ್ರಿಕೆಯ ಬರಹವನ್ನು ಸಂದರ್ಶನ ಕೊಟ್ಟವರು ತಿದ್ದುವಂತಿಲ್ಲ, ಓದಿ ಹೇಳಿದ್ದೇ ಹೆಚ್ಚು ಎಂದು ಮುಂದುವರಿಯಬಹುದಿತ್ತು. ಪುರವಣಿಯ ಕಚೇರಿಯಲ್ಲಿ ಒಬ್ಬರು ಹಾಗೆ ಹೇಳಿದ್ದೂ ಉಂಟು. ಟೀಚರ್ ಬೇರೆ ರೀತಿ ಯೋಚಿಸಿದರು. ಹುಡುಗಿ ಮನೆಯ ಸ್ಥಿತಿಯನ್ನು ಮುಚ್ಚಿಡಲು ಕೇಳಿರಲಿಲ್ಲ. ನಾಲ್ಕನೆಯ ಉತ್ತರದಲ್ಲಿ ಶೂಗಳ ಖರ್ಚಿನ ಬಗ್ಗೆ ಹೇಳುವಾಗ ತಾಯಿಯ ಬೀಡಿಯ ಮಜೂರಿಯ ಮಾತು ಅವಳೇ ಆಡಿದ್ದಳು. ಆ ಮಾತು ಅಲ್ಲಿ ಅವಳ ಬಾಯಲ್ಲಿ ಬಂದರೆ ಲೆಕ್ಕಾಚಾರ ಬಲ್ಲ ಮಗಳ ಮಾತು. ಪೀಠಿಕೆಯಲ್ಲಿ ಬರೆದವರ ಬಾಯಲ್ಲಿ ಬಂದರೆ ಓದುಗನ ಕನಿಕರಕ್ಕೆ ಹಾಕಿದ ಅರ್ಜಿ. ಈ ವ್ಯತ್ಯಾಸವನ್ನು ಗುರುತಿಸಿದ್ದು ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ ಎಂದು ನಾನು ತಿಳಿಯುತ್ತೇನೆ. ಚೆನ್ನಾಗಿ ಬಂದ ಬರಹವನ್ನು ಬಿಡುವುದು ಕೆಟ್ಟದ್ದನ್ನು ಬಿಡುವುದಕ್ಕಿಂತ ಕಷ್ಟ. ಆ ವಾರದ ಪುರವಣಿ ತಪ್ಪಿದ್ದೂ ಇದೇ ಕಾರಣಕ್ಕೆ.

ಆಮೇಲೆ ಬಂದದ್ದು ಓದಿನಿಂದ ತೆಗೆದ ಕರಡು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಮಹಿಳೆಯರ 20 ಕಿ.ಮೀ. ನಡಿಗೆ ಮೊದಲ ಬಾರಿಗೆ ನಡೆದಾಗ, ಎಲ್ಲರಿಗಿಂತ ಮುಂದಿದ್ದ ಆಸ್ಟ್ರೇಲಿಯದ ಜೇನ್ ಸ್ಯಾವಿಲ್ ಅವರನ್ನು ತವರಿನ ಜನ ಕಾದು ಕುಳಿತಿದ್ದ ಕ್ರೀಡಾಂಗಣದ ಬಾಗಿಲಲ್ಲಿಯೇ ತೀರ್ಪುಗಾರರು ಅನರ್ಹಗೊಳಿಸಿದ್ದರು. ಅದಕ್ಕೆ ಪಿ.ಟಿ. ಉಷಾ 1984ರ ಲಾಸ್ ಏಂಜಲೀಸಿನಲ್ಲಿ 400 ಮೀಟರ್ ಹರ್ಡಲ್ಸನ್ನು 55.42 ಸೆಕೆಂಡಿನಲ್ಲಿ ಓಡಿ, ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಪ್ರಸಂಗವನ್ನೂ ಸೇರಿಸಿ, ‘ಗುರಿಯ ಅಂಚಿನಲ್ಲಿ ಕೈತಪ್ಪಿದ ಪದಕಗಳು’ ಎಂಬ ಎಳೆಯಲ್ಲಿ ಟೀಚರ್ ಹುಡುಗಿಯ ಕಥೆಯನ್ನು ಪೋಣಿಸಿದ್ದರು. ಹುಡುಗಿಯೂ ಹಿಂದಿನ ವರ್ಷ ಅದೇ ರಾಜ್ಯಕೂಟದಲ್ಲಿ ಎರಡನೆಯ ಸ್ಥಾನದಲ್ಲಿ ನಡೆಯುತ್ತಿದ್ದಾಗ ಕೊನೆಯ ಸುತ್ತುಗಳಲ್ಲಿ ಅನರ್ಹಳಾಗಿದ್ದಳು. ಹೋಲಿಕೆ ಸರಿ. ಆದರೆ ಪ್ಯಾರಾ ಮುಗಿದಾಗ ಮನಸ್ಸಿನಲ್ಲಿ ಉಳಿಯುತ್ತಿದ್ದದ್ದು ಸಿಡ್ನಿಯ ಬಾಗಿಲು, ಹುಡುಗಿಯಲ್ಲ. ಜೊತೆಗೆ ಉಷಾ ಅವರದು ಓಟದ ವೇಗದ ಸೋಲು, ಸ್ಯಾವಿಲ್ ಅವರದು ನಿಯಮದ ಸೋಲು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದರೆ ನಡಿಗೆ ಸ್ಪರ್ಧೆಯ ವಿಶೇಷವೇನು ಎಂಬುದೇ ಮಸುಕಾಗುತ್ತದೆ. ಆದರೂ ಈ ಕರಡು ಹಿಂದಿನವುಗಳಿಗಿಂತ ಒಂದು ಹೆಜ್ಜೆ ಮುಂದಿತ್ತು ಎನ್ನಬೇಕು: ಅನರ್ಹತೆಯ ಪ್ರಸಂಗ ಮೊದಲ ಬಾರಿಗೆ ಪೀಠಿಕೆಯೊಳಗೆ ಬಂದದ್ದು ಇದರಲ್ಲಿಯೇ.

ತಿರುವು

ಮಾಸ್ಟ್ರು ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲಿಯೇ ನಡೆಸುವ ಯಕ್ಷಗಾನದ, ಹಳೆಯ ಶ್ರೋತೃ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಬೆಳೆದವರಿಗೆ ಅದು ಅಪರೂಪವೇನೂ ಅಲ್ಲ. ಪ್ರವೇಶ ಮಾಡಿದ ಅರ್ಥಧಾರಿ (ಪಾತ್ರವಾಗಿ ಮಾತಾಡುವವನು) ಪಾತ್ರದ ಹುಟ್ಟು, ಕುಲ, ಪರಾಕ್ರಮಗಳನ್ನೆಲ್ಲ ಪೀಠಿಕೆಯಲ್ಲಿ ಹರಡಿ ಕುಳಿತರೆ ಎದುರು ಪಾತ್ರಕ್ಕೆ ಮಾತು ಸಿಗುವಾಗ ಪ್ರಸಂಗ ತಣ್ಣಗಾಗಿರುತ್ತದೆ. ಬಲ್ಲವನು ಅಂದಿನ ಪ್ರಸಂಗದಲ್ಲಿ ಮುಂದೆ ನಡೆಯಲಿರುವ ವಾದಕ್ಕೆ ಬೇಕಾದಷ್ಟನ್ನೇ ಹೇಳಿ, ಎದುರಿನವನು ಉತ್ತರಿಸಲೇಬೇಕಾದ ಒಂದು ಮಾತಿನಲ್ಲಿ ನಿಲ್ಲಿಸುತ್ತಾನೆ ಎಂದು ಅವರು ಟೀಚರಿಗೆ ಹೇಳಿದರಂತೆ. ಅದು ಸಲಹೆಯ ಮಟ್ಟಿಗೆ ಸರಿ. ಆದರೆ ಆ ‘ಬೇಕಾದಷ್ಟು’ ಯಾವುದು ಎಂದು ತಿಳಿಯುವ ಬಗೆ ಅದರಿಂದ ಸಿಗುವುದಿಲ್ಲ.

ನಿಜವಾದ ನೆರವಾದದ್ದು ಅನಂತರ ಅವರು ಕೊಟ್ಟ ಒಂದು ಸಣ್ಣ ಕೆಲಸ. ಪೀಠಿಕೆಯ ಯೋಚನೆ ಬಿಟ್ಟು, ಧ್ವನಿಮುದ್ರಿಕೆಯ ಬರಹರೂಪವನ್ನು ಮತ್ತೆ ಓದಿ, ಮನೆಯಿಂದ ಬರೆದುಕೊಂಡು ಹೋದ ಪಟ್ಟಿಯಲ್ಲಿ ಇಲ್ಲದ, ಆ ಕ್ಷಣದಲ್ಲಿ ಬಾಯಿಗೆ ಬಂದು ಕೇಳಿದ ಪ್ರಶ್ನೆಗಳ ಕೆಳಗೆ ಗೆರೆ ಎಳೆದು ತನ್ನಿ ಎಂದರು. ಗೆರೆ ಬಿದ್ದದ್ದು ಒಂದೇ ಪ್ರಶ್ನೆಗೆ. ಅನರ್ಹತೆಯ ಕಥೆ ಹೇಳುತ್ತಿದ್ದಾಗ ಟೀಚರ್ ನಡುವೆ ಬಾಯಿ ಹಾಕಿ, “ಕೆಂಪು ಕಾರ್ಡ್ ಬಿದ್ದದ್ದು ನಡೆಯುವವರಿಗೆ ಆಗಲೇ ಗೊತ್ತಾಗುತ್ತದಾ?” ಎಂದು ಕೇಳಿದ್ದರು.

ಆ ಪ್ರಶ್ನೆಗೆ ಹುಡುಗಿ ಕೊಟ್ಟ ಉತ್ತರವನ್ನು ಅರ್ಥಮಾಡಿಕೊಳ್ಳಲು ನಿಯಮವನ್ನು ಸ್ವಲ್ಪ ತಿಳಿಯಬೇಕು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ತಾಂತ್ರಿಕ ನಿಯಮ 54ರ ಪ್ರಕಾರ ನಡೆಯುವವರು ನೆಲದ ಸಂಪರ್ಕ ಕಳೆದುಕೊಂಡದ್ದು ಬರಿಗಣ್ಣಿಗೆ ಕಾಣುವಂತಿರಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದ ನೇರಕ್ಕೆ ಬರುವ ತನಕ ಮಂಡಿಯಲ್ಲಿ ಬಾಗಬಾರದು. ತೀರ್ಪುಗಾರರು ಒಬ್ಬರನ್ನೊಬ್ಬರು ಕೇಳದೆ, ಕ್ಯಾಮೆರಾದ ನೆರವಿಲ್ಲದೆ, ಕಣ್ಣಿನಿಂದಲೇ ನೋಡಿ ನಿರ್ಧರಿಸುತ್ತಾರೆ. ತಪ್ಪಿನ ಅಂಚಿಗೆ ಬಂದವರಿಗೆ ಹಳದಿ ಫಲಕ ತೋರಿಸಿ ಎಚ್ಚರಿಸಬಹುದು. ತಪ್ಪು ಕಂಡರೆ ಕೆಂಪು ಕಾರ್ಡ್ ಬರೆದು ಮುಖ್ಯ ತೀರ್ಪುಗಾರರಿಗೆ ಕಳುಹಿಸುತ್ತಾರೆ. ಅದು ಟ್ರ್ಯಾಕಿನ ಬದಿಯ ಬೋರ್ಡಿನಲ್ಲಿ ಸ್ಪರ್ಧಿಯ ಸಂಖ್ಯೆಯ ಎದುರು ದಾಖಲಾಗುತ್ತದೆ. ಬೇರೆ ಬೇರೆ ಮೂವರಿಂದ ಮೂರು ಕಾರ್ಡ್ ಬಿದ್ದರೆ ಅನರ್ಹತೆ. ಕೆಲವು ಕೂಟಗಳಲ್ಲಿ ಮಾತ್ರ ಮೂರನೆಯ ಕಾರ್ಡಿಗೆ ದಂಡದ ಜಾಗದಲ್ಲಿ ನಿಗದಿತ ಸಮಯ ನಿಂತು ಮುಂದುವರಿಯುವ ಅವಕಾಶವಿದೆ. ಅಂದರೆ ಹಳದಿ ಫಲಕ ನಡೆಯುವವರ ಕಣ್ಣಿಗೆ ಬೀಳುತ್ತದೆ, ಆದರೆ ಕೆಂಪು ಕಾರ್ಡ್ ಬಿದ್ದದ್ದು ಬೋರ್ಡ್ ನೋಡಿದರಷ್ಟೇ ತಿಳಿಯುತ್ತದೆ.

ಹುಡುಗಿಯ ಉತ್ತರ: “ಬೋರ್ಡ್ ನೋಡಿದರೆ ಗೊತ್ತಾಗುತ್ತದೆ. ಹೋದ ವರ್ಷ ನೋಡುತ್ತಿದ್ದೆ, ಪ್ರತಿ ಸುತ್ತಿಗೂ. ಎರಡು ಕಾರ್ಡ್ ಕಂಡ ಮೇಲೆ ಹೆದರಿ ಕಾಲು ಬಿಗಿಯಾಯಿತು, ಅದರಿಂದಲೇ ಮೂರನೆಯದು ಬಿತ್ತು ಅಂತ ನನಗೆ ಅನ್ನಿಸುತ್ತದೆ. ಈ ವರ್ಷ ನೋಡಲೇ ಇಲ್ಲ. ಕೋಚ್ ನೋಡಿಕೊಳ್ಳಲಿ, ನಾನು ನಡೆಯುವುದು ಅಂತ.”

ಈ ಉತ್ತರ ಮೊದಲಿನಿಂದಲೂ ಲೇಖನದಲ್ಲಿಯೇ ಇತ್ತು, ಏಳನೆಯ ಪ್ರಶ್ನೆಯ ಕೆಳಗೆ. ಪಟ್ಟಿಯ ಪ್ರಶ್ನೆಗಳನ್ನು ಟೀಚರ್ ಓದುಗರ ಪರವಾಗಿ ಊಹಿಸಿ ಬರೆದುಕೊಂಡಿದ್ದರು. ಇದೊಂದನ್ನು ಮಾತ್ರ ತನಗೇ ತಿಳಿಯಬೇಕೆನಿಸಿ ಕೇಳಿದ್ದರು. ಆಟದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬ ಬುದ್ಧಿವಂತ ವ್ಯಕ್ತಿಗೆ ಎಲ್ಲಿ ಕುತೂಹಲ ಹುಟ್ಟಿತೋ ಅಲ್ಲಿಯೇ ಪುರವಣಿಯ ಓದುಗನಿಗೂ ಹುಟ್ಟುವ ಸಂಭವ ಹೆಚ್ಚು ಎಂಬುದು ಮಾಸ್ಟ್ರ ತರ್ಕವಾಗಿತ್ತು. ಸಂದರ್ಶನ ಯಾವುದರ ಬಗ್ಗೆ ಎಂಬ ನಿರ್ಧಾರ ಅಲ್ಲಿಯ ತನಕ ಆಗಿಯೇ ಇರಲಿಲ್ಲ. ಬಡತನ, ಗಡಿ, ಪದಕ, ದೊಡ್ಡವರ ಪರಂಪರೆ ಎಲ್ಲವೂ ಆ ನಿರ್ಧಾರದ ಜಾಗದಲ್ಲಿ ತಂದು ಕೂರಿಸಿದವು. ತನ್ನ ಮೇಲೆ ಬೀಳುತ್ತಿರುವ ತೀರ್ಪನ್ನು ನೋಡದೆ ನಡೆಯಲು ಕಲಿತ ಒಬ್ಬಳ ಸಂದರ್ಶನ ಇದು ಎಂದು ಗೊತ್ತಾದ ಮೇಲೆ ಪೀಠಿಕೆಗೆ ಬೇಕಾದ ಮಾಹಿತಿ ತಾನಾಗಿ ವಿಂಗಡವಾಯಿತು: ನಿಯಮ ಬೇಕು, ಕಾರ್ಡಿನ ಕ್ರಮ ಬೇಕು, ಹಿಂದಿನ ವರ್ಷದ ಅನರ್ಹತೆ ಬೇಕು, ಈ ವರ್ಷದ ಬೆಳ್ಳಿ ಬೇಕು. ಹುಟ್ಟಿದ ಊರು, ಓದು, ಇತರ ಪದಕಗಳು ಪಕ್ಕದ ಬಾಕ್ಸಿಗೆ ಹೋಗಬಹುದು.

ಒಂದು ಅಡ್ಡಿ ಉಳಿದಿತ್ತು. ಅನರ್ಹತೆಯಿಂದ ಆರಂಭಿಸಿದರೆ ಹುಡುಗಿಗೆ ನೋವಾಗದೇ ಎಂದು ಟೀಚರ್ ಮತ್ತೆ ಫೋನ್ ಮಾಡಿದರು. ಬೀಡಿಯ ಪ್ಯಾರಾಕ್ಕೆ ತಡವರಿಸಿದ ಅದೇ ಹುಡುಗಿ ಇದಕ್ಕೆ ಕೂಡಲೇ ಒಪ್ಪಿದಳು: “ಬರೆಯಿರಿ ಅಕ್ಕ, ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಕಾರ್ಡ್ ಯಾವುದಕ್ಕೆ ಬಿತ್ತು ಅಂತ ಸರಿಯಾಗಿ ಬರೆಯಿರಿ. ಎರಡು ಮಂಡಿಗೆ, ಒಂದು ಸಂಪರ್ಕಕ್ಕೆ.” ತನ್ನ ಕೆಲಸದಲ್ಲಿ ಆದ ಸೋಲನ್ನು ಹೇಳಿಕೊಳ್ಳಲು ಅವಳಿಗೆ ಮುಜುಗರವಿರಲಿಲ್ಲ, ತನ್ನ ಕೆಲಸಕ್ಕೆ ಸಂಬಂಧಿಸದ್ದರಿಂದ ತನ್ನನ್ನು ಪರಿಚಯಿಸಿದಾಗ ಮಾತ್ರ ಮುಜುಗರವಾಗಿತ್ತು. ಕ್ರೀಡಾಪಟುಗಳ ಬಗ್ಗೆ ಬರೆಯುವವರು ಇದನ್ನು ಹಲವು ಸಲ ತಿರುಗುಮುರುಗಾಗಿ ಊಹಿಸುತ್ತಾರೆ.

ಕೊನೆಗೆ ಟೀಚರ್ ಕಳುಹಿಸಿದ ಪೀಠಿಕೆ ಇದು:

“ನಡಿಗೆ ಸ್ಪರ್ಧೆಯಲ್ಲಿ ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದ ನೇರಕ್ಕೆ ಬರುವವರೆಗೆ ಮಂಡಿ ಬಾಗಬಾರದು; ಎರಡೂ ಪಾದಗಳು ಒಮ್ಮೆಲೇ ನೆಲ ಬಿಟ್ಟದ್ದು ತೀರ್ಪುಗಾರರ ಬರಿಗಣ್ಣಿಗೆ ಕಾಣಬಾರದು. ಮೂವರು ತೀರ್ಪುಗಾರರು ಬೇರೆ ಬೇರೆಯಾಗಿ ತಪ್ಪು ಕಂಡು ಕೆಂಪು ಕಾರ್ಡ್ ಬರೆದರೆ ಸ್ಪರ್ಧೆ ಅಲ್ಲಿಗೆ ಮುಗಿಯಿತು. ಹೋದ ವರ್ಷದ ರಾಜ್ಯಕೂಟದಲ್ಲಿ ಎರಡನೆಯವಳಾಗಿ ನಡೆಯುತ್ತಿದ್ದ ಈ ಹುಡುಗಿಗೆ ಮಂಡಿಗಾಗಿ ಎರಡು, ಸಂಪರ್ಕಕ್ಕಾಗಿ ಒಂದು ಕಾರ್ಡ್ ಬಿದ್ದು, ಕೊನೆಯ ಸುತ್ತುಗಳಲ್ಲಿ ಹೊರಗೆ ಬರಬೇಕಾಯಿತು. ಈ ವರ್ಷ ಅದೇ ಕೂಟದಲ್ಲಿ ಬೆಳ್ಳಿ ಗೆದ್ದಿದ್ದಾಳೆ. ಕಾರ್ಡುಗಳ ಲೆಕ್ಕ ಬರೆಯುವ ಬೋರ್ಡ್ ಟ್ರ್ಯಾಕಿನ ಬದಿಯಲ್ಲಿಯೇ ಇರುತ್ತದೆ. 25 ಸುತ್ತುಗಳಲ್ಲಿ ಒಮ್ಮೆಯೂ ಅದರ ಕಡೆ ನೋಡಲಿಲ್ಲ ಎನ್ನುತ್ತಾಳೆ.”

ಇದರ ಕೆಳಗೆ ಮೊದಲ ಪ್ರಶ್ನೆ: “ಯಾಕೆ ನೋಡಲಿಲ್ಲ?”

ಪೀಠಿಕೆ ಬದಲಾದಾಗ ಒಡಲೂ ಬದಲಾಗಬೇಕಾಯಿತು ಎಂಬುದನ್ನು ಕಲಿಯುವವರು ಗಮನಿಸಬೇಕು. ಏಳನೆಯ ಪ್ರಶ್ನೆ ಮೊದಲಿಗೆ ಬಂತು. ‘ಹೇಗೆ ಬಂದಿರಿ’ ಎಂಬುದು ಮೂರನೆಯದಾಯಿತು; ಅಷ್ಟರಲ್ಲಿ ಆಟದ ಕಷ್ಟ ತಿಳಿದಿರುವುದರಿಂದ, ಖಾಲಿ ಜಾಗಕ್ಕೆ ಹೆಸರು ಬರೆದ ಪಿ.ಟಿ. ಮಾಸ್ಟ್ರ ಕಥೆಗೆ ಮೊದಲಿಗಿಂತ ಹೆಚ್ಚು ಸ್ವಾರಸ್ಯ ಬಂತು. ನಿಯಮ ಕೇಳುವ ಪ್ರಶ್ನೆ ಅನಗತ್ಯವಾಗಿ ಬಿದ್ದುಹೋಯಿತು. ‘ನಿಮ್ಮ ಸಾಧನೆಯ ಬಗ್ಗೆ ಹೇಳಿ’ ಎಂಬುದನ್ನೂ ತೆಗೆದರು. ಅದಕ್ಕೆ ಅವಳು ಕೊಟ್ಟ ಉತ್ತರ ಬಾಕ್ಸಿನಲ್ಲಿರುವ ಪಟ್ಟಿಯೇ ಆಗಿತ್ತು. ಪೀಠಿಕೆಯನ್ನು ಕೊನೆಗೆ ಅಂಟಿಸುವ ತಲೆಬರಹವೆಂದು ತಿಳಿದು ಒಡಲನ್ನು ಮುಟ್ಟದೆ ಬಿಟ್ಟಿದ್ದರೆ ಈ ಪೀಠಿಕೆಯೂ ಕೂಡುತ್ತಿರಲಿಲ್ಲ.

ಪ್ರಕಟಣೆಯಲ್ಲಿ ಆದದ್ದು

ಪುಟ ಕಟ್ಟುವಾಗ ಜಾಹೀರಾತೊಂದು ಹೆಚ್ಚಾಗಿ ಬಂದು, ಪೀಠಿಕೆಯಿಂದ ಎರಡು ಸಾಲು ಇಳಿಸಬೇಕಾಯಿತು. ‘ನೆಲ ಬಿಟ್ಟದ್ದು ತೀರ್ಪುಗಾರರ ಬರಿಗಣ್ಣಿಗೆ ಕಾಣಬಾರದು’ ಎಂಬುದು ‘ನೆಲ ಬಿಡಬಾರದು’ ಎಂದಾಯಿತು. ಓದಲು ಸಲೀಸು, ಅರ್ಥವೂ ಅದೇ ಎಂದು ಪುಟ ನೋಡಿದವರಿಗೆ ಅನ್ನಿಸಿರಬೇಕು. ಆದರೆ ಅರ್ಥ ಅದೇ ಅಲ್ಲ. ವೇಗವಾಗಿ ನಡೆಯುವವರನ್ನು ಒಳ್ಳೆಯ ಕ್ಯಾಮೆರಾದಲ್ಲಿ ಹಿಡಿದರೆ ಎರಡೂ ಪಾದಗಳು ಕ್ಷಣಾರ್ಧ ಗಾಳಿಯಲ್ಲಿರುವುದು ಸಾಮಾನ್ಯವಾಗಿ ಕಾಣುತ್ತದೆ. ನಿಯಮ ಕಣ್ಣಿಗೆ ಕಾಣುವುದನ್ನು ಮಾತ್ರ ತಪ್ಪೆನ್ನುತ್ತದೆ. ಇದೇ ಸಂದರ್ಶನದ ಐದನೆಯ ಉತ್ತರದಲ್ಲಿ ಹುಡುಗಿ, ಪರಿಚಿತರೊಬ್ಬರು ಮೊಬೈಲಿನಲ್ಲಿ ತೆಗೆದ ತನ್ನ ಚಿತ್ರ ತೋರಿಸಿ ‘ನೀನು ಓಡುತ್ತಿದ್ದೀ’ ಎಂದು ಹಂಗಿಸಿದ್ದನ್ನೂ ತಾನು ಅವರಿಗೆ ನಿಯಮ ವಿವರಿಸಿದ್ದನ್ನೂ ಹೇಳಿದ್ದಳು. ಹೀಗೆ ಪತ್ರಿಕೆಯ ಪೀಠಿಕೆಯೇ ಆ ಹಂಗಿಸಿದವರ ಪರವಾಗಿ ನಿಂತಂತಾಯಿತು. ಸೋಮವಾರ ಬೆಳಗ್ಗೆ ಮೊದಲು ಫೋನ್ ಮಾಡಿದವರು ಅವಳ ಕೋಚ್. ಮರುವಾರ ನಾಲ್ಕು ಸಾಲಿನ ತಿದ್ದುಪಡಿ ಪ್ರಕಟವಾಯಿತು. ಅದರಲ್ಲಿ ನಿಯಮದ ಮಾತು ಪೂರ್ತಿಯಾಗಿ ಬಂತು. ಟೀಚರ್ ಈಗ ಪ್ರತಿಯೊಂದಿಗೆ, ಯಾವ ವಾಕ್ಯ ಕತ್ತರಿಸಿದರೆ ಅರ್ಥ ಕೆಡುತ್ತದೆ, ಯಾವುದನ್ನು ಧಾರಾಳವಾಗಿ ತೆಗೆಯಬಹುದು ಎಂದು ಅಂಚಿನಲ್ಲಿ ಗುರುತು ಹಾಕಿ ಕಳುಹಿಸುತ್ತಾರೆ. ವಿವರಣೆ ಹೊತ್ತ ಪೀಠಿಕೆಗಳಿಗೆ ಇದು ಅಗತ್ಯ, ಯಾಕೆಂದರೆ ಪುಟದಲ್ಲಿ ಮೊದಲ ಕತ್ತರಿ ಬೀಳುವುದು ಅಲ್ಲಿಗೇ.

ಇತರ ಪ್ರತಿಕ್ರಿಯೆಗಳು ಒಂದೇ ದಿಕ್ಕಿನವಲ್ಲ. ಹುಡುಗಿಯ ತಂದೆಗೆ, ಬೆಳ್ಳಿ ಗೆದ್ದ ಮಗಳ ಬಗ್ಗೆ ಬರೆಯುವಾಗ ಹೊರಗೆ ಹಾಕಿಸಿಕೊಂಡ ಮಾತು ಮೊದಲು ಬಂದದ್ದು ಇಷ್ಟವಾಗಲಿಲ್ಲ. ಅವರ ಅಸಮಾಧಾನ ನ್ಯಾಯವಾದದ್ದೇ ಎಂದು ನನಗೂ ಅನ್ನಿಸುತ್ತದೆ, ಆದರೆ ಪೀಠಿಕೆಯನ್ನು ಬದಲಿಸಬೇಕಿತ್ತು ಎಂದು ಅನ್ನಿಸುವುದಿಲ್ಲ. ಒಪ್ಪಿಗೆ ಕೊಡಬೇಕಾದವಳು ಕೊಟ್ಟಿದ್ದಳು. ಹಿರಿಯ ಓದುಗರೊಬ್ಬರು ಪತ್ರ ಬರೆದು, ನಮ್ಮ ಜಿಲ್ಲೆಯ ಹೆಸರು ಬಾಕ್ಸಿನಲ್ಲಿ ಮಾತ್ರ ಬಂದದ್ದೇಕೆ ಎಂದು ಕೇಳಿದರು. ಉಪಜಿಲ್ಲೆಯ ಒಬ್ಬ ದೈಹಿಕ ಶಿಕ್ಷಕರು ಪೀಠಿಕೆಯ ಪುಟವನ್ನು ಮೊಬೈಲಿನಲ್ಲಿ ತೆಗೆದು ತಿದ್ದುಪಡಿಯ ಜೊತೆ ತಮ್ಮ ಮಕ್ಕಳ ಗುಂಪಿಗೆ ಕಳುಹಿಸಿದರೆಂದು ಮಾಸ್ಟ್ರಿಗೆ ತಿಳಿಯಿತು.

ಈ ಕ್ರಮ ಎಲ್ಲ ಕಡೆಯೂ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಅದೇ ಟೀಚರ ಮುಂದಿನ ಕೆಲಸದಲ್ಲಿ ಒಂದು ಉತ್ತರ ಇದೆ. ಕಬಡ್ಡಿ ಆಟಗಾರನೊಬ್ಬನನ್ನು ಅವರು ಪಂದ್ಯಾಟವೊಂದರ ಮರುದಿನ ಮಾತಾಡಿಸಿ ಬಂದರು. ಬರಹರೂಪ ಸಿದ್ಧವಾದ ಮೇಲೆ ಪಟ್ಟಿಯಲ್ಲಿಲ್ಲದ ಪ್ರಶ್ನೆಯನ್ನು ಹುಡುಕಿದರೆ ಒಂದೂ ಇರಲಿಲ್ಲ. ಆತ ಹಲವರಿಗೆ ಸಂದರ್ಶನ ಕೊಟ್ಟು ಪಳಗಿದವನು, ಉತ್ತರಗಳು ನುಣುಪಾಗಿದ್ದವು. ಕಬಡ್ಡಿಯನ್ನು ಚಿಕ್ಕಂದಿನಿಂದ ನೋಡಿದ ಟೀಚರಿಗೂ ನಡುವೆ ಬಾಯಿ ಹಾಕಿ ಕೇಳುವಂಥದ್ದು ಏನೂ ಹೊಳೆದಿರಲಿಲ್ಲ. ಹಿಂದಿನಂತೆ ಕರಡುಗಳನ್ನು ಬರೆದು ಹರಿಯುವ ಬದಲು ಅವರು ಆತನಿಗೆ ಫೋನ್ ಮಾಡಿ, ಪಂದ್ಯವಿಲ್ಲದ ಒಂದು ಸಂಜೆ ಅಭ್ಯಾಸ ನಡೆಯುವಾಗ ಅಂಗಣದ ಬದಿಯಲ್ಲಿ ಕುಳಿತು ನೋಡಬಹುದೇ ಎಂದು ಕೇಳಿದರು. ಮಳೆ ಬಿಟ್ಟ ಮೇಲೆ ಬನ್ನಿ ಎಂದಿದ್ದಾನೆ. ಆ ಲೇಖನಕ್ಕೆ ಕಾದಿಟ್ಟಿದ್ದ ಜಾಗದಲ್ಲಿ ಮಾಸ್ಟ್ರು ಈ ವಾರ ಅಡಿಕೆಯ ಕೊಳೆರೋಗದ ಲೇಖನ ಹಾಕಿದ್ದಾರೆ.